ಇದು ಯಾವ ದೇಶದ ಹಾಡು

ಮೊರಪ್ಪೂರು ಬಿಟ್ಟ ಬಸ್ಸು ಹರೂರಿನ ದಾರಿ ಹಿಡಿದು ಏರು ಹತ್ತುವಾಗ ಇಂಜಿನ್ನು ನರಳುತ್ತದೆ. ಆ ನರಳಿಕೆಯ ಮರೆಯಲ್ಲಿ ಸುಗುಣಾ ದಿನವೂ ಬಾಯಿ ಮುಚ್ಚಿಕೊಂಡೇ ಒಂದು ಸ್ವರ ಹಿಡಿದು ನೋಡುತ್ತಾಳೆ. ಯಾರಿಗೂ ಕೇಳುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ಅವಳ ಗಂಟಲು ಅಲುಗಿದ್ದು ಕಂಡರೂ ಎಂಜಲು ನುಂಗಿದಳು ಅಂದುಕೊಳ್ಳಬೇಕು, ಅಷ್ಟೆ. ಇವತ್ತೂ ಹಿಡಿದಳು. ಸಾ ನಿಂತಿತು. ರಿ ನಿಂತಿತು. ಗ ಕೂಡ ಗೋಡೆ ಹಿಡಿದು ನಡೆಯುವ ಮುದುಕಿಯ ಹಾಗೆ ಹೇಗೋ ನಿಂತಿತು. ಅದರ ಮೇಲಕ್ಕೆ ಕಾಲಿಟ್ಟದ್ದೇ ತಡ, ಹಳೆಯ ಸೀರೆ ಹರಿದಂತೆ ದನಿ ಬಿರಿದು ಬರೀ ಗಾಳಿ ಉಳಿಯಿತು. ಅವಳು ಕಿಟಕಿಯ ಕಡೆ ತಿರುಗಿದಳು. ಮರಗೆಣಸಿನ ಹೊಲದ ನಡುವೆ ಯಾರೋ ಟ್ರ್ಯಾಕ್ಟರಿನಲ್ಲಿ ತಮಿಳು ಸಿನಿಮಾ ಹಾಡೊಂದನ್ನು ಜೋರಾಗಿ ಹಾಕಿಕೊಂಡು ಹೋಗುತ್ತಿದ್ದರು. ಹಾಡಿದ ಹೆಂಗಸು ಎಷ್ಟು ಸಲೀಸಾಗಿ ಮೇಲಕ್ಕೆ ಹೋಗಿ ಅಲ್ಲಿ ಸುಮ್ಮನೆ ಕೂತಿದ್ದಾಳೆ ಅನ್ನಿಸಿ ಸುಗುಣಾಳಿಗೆ ಹೊಟ್ಟೆಯೊಳಗೆ ಕಿಚ್ಚೆದ್ದಿತು. ಮುಖವನ್ನೂ ಕಂಡಿಲ್ಲದ ಒಬ್ಬ ಹೆಂಗಸಿನ ಮೇಲೆ ಇಂಥ ದ್ವೇಷ ಹುಟ್ಟುತ್ತದಲ್ಲ, ನಾನು ಯಾವಾಗಿನಿಂದ ಹೀಗಾದೆ ಎಂದು ಕೇಳಿಕೊಂಡಳು.

ಯಾವಾಗಿನಿಂದ ಎಂಬುದು ಗೊತ್ತಿಲ್ಲದ್ದೇನಲ್ಲ. ಕಳೆದ ಬೇಸಿಗೆಯಲ್ಲಿ ಸೇಲಂನಲ್ಲಿ ಥೈರಾಯ್ಡ್ ಗಂಟು ತೆಗೆಸಿಕೊಂಡಳು. ಗಂಟು ದನಿಯ ನರಕ್ಕೇ ಅಂಟಿಕೊಂಡಿತ್ತು. ನರ ಸೋತಿದೆ, ಕಾದು ನೋಡೋಣ ಎಂದರು. ಕಾದಳು. ಶಾಲೆಯಲ್ಲಿ ಮೊದಲು ನೆಗಡಿ ಎಂದಳು, ಆಮೇಲೆ ಧೂಳು ಎಂದಳು, ಆಮೇಲೆ ಯಾರೂ ಕೇಳದ ಹಾಗೆ ನೋಡಿಕೊಂಡಳು. ಹೋದ ವಾರ ಅದೇ ಡಾಕ್ಟರು ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿ, "ಮಾತಿಗೇನೂ ತೊಂದರೆ ಇಲ್ಲಮ್ಮ, ಹಾಡೋದನ್ನ ಇನ್ನು ಮರೆತುಬಿಡಿ" ಎಂದು ಕೈ ತೊಳೆಯಲು ಹೋದರು. ಹಾಡುವುದೇ ಅವಳ ಕೆಲಸ, ಅವಳು ಮ್ಯೂಸಿಕ್ ಟೀಚರು ಎಂಬುದು ಅವರಿಗೆ ಗೊತ್ತಿರಲಿಲ್ಲ. ಅವಳೂ ಹೇಳಲಿಲ್ಲ. ಮನೆಗೆ ಬಂದು ಗಂಡನಿಗೂ ಹೇಳಲಿಲ್ಲ. ರವಿಶಂಕರ್ ಆಪರೇಷನ್ ಆದಾಗಿನಿಂದ ಮನೆಯಲ್ಲಿ ರೇಡಿಯೊ ಹಾಕುವುದನ್ನು ಬಿಟ್ಟಿದ್ದ. ಟಿವಿಯಲ್ಲಿ ಹಾಡು ಬಂದರೆ ಏನೋ ನೆನಪಾದವನಂತೆ ಚಾನೆಲ್ ಬದಲಾಯಿಸುತ್ತಿದ್ದ. ಅತ್ತೆ ಮಂಜುಳಮ್ಮ ಪೂಜೆಯ ಹೊತ್ತಿಗೆ ದೇವರ ಪದ ಹೇಳುವುದನ್ನೂ ತುಟಿಯೊಳಗೇ ಮುಗಿಸುತ್ತಿದ್ದರು. ಅವರ ಕರುಣೆಯಿಂದ ಮನೆ ಸೂತಕದ ಮನೆಯಾಗಿತ್ತು. ಸತ್ತದ್ದು ಯಾರು ಎಂದು ಮಾತ್ರ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಹಾಡಿನಲ್ಲಿ ಲೋಕ ಸುತ್ತುವ ಉಪಾಯ ಹೊಳೆದದ್ದು ಈ ಸೂತಕದಲ್ಲೇ. ರಜೆ ಮುಗಿದು ಶಾಲೆ ಶುರುವಾದ ಮೊದಲ ದಿನ, ಮಕ್ಕಳೆದುರು ಬಾಯಿ ತೆರೆಯಬೇಕಾದ ಹೊತ್ತಿಗೆ ಇದ್ದಕ್ಕಿದ್ದಂತೆ, "ಈ ವರ್ಷ ನಾನು ಹಾಡಲ್ಲ, ಲೋಕವೇ ನಿಮಗೆ ಹಾಡತ್ತೆ" ಎಂದುಬಿಟ್ಟಳು. ವಾರಕ್ಕೊಂದು ದೇಶ. ಆ ದೇಶದ ಜನ ಮದುವೆಯಲ್ಲಿ, ಮಾರ್ಕೆಟ್ಟಿನಲ್ಲಿ, ಬಸ್ಸಿನಲ್ಲಿ ತುಂಬ ಇಷ್ಟಪಟ್ಟು ಹಾಡಿಕೊಳ್ಳುವ ಒಂದು ಹಾಡು. ಸ್ಪೀಕರ್ ಹಾಡುತ್ತಿತ್ತು, ಅವಳು ಕೀಬೋರ್ಡಿನ ಮೇಲೆ ಬೆರಳಿಡುತ್ತಿದ್ದಳು, ನಡುನಡುವೆ ಆ ಊರಿನ ಕಥೆ ಹೇಳುತ್ತಿದ್ದಳು. ಸೆನೆಗಲ್ಲಿನವರು ಒಂದೇ ತಟ್ಟೆಯ ಸುತ್ತ ಕೂತು ಉಣ್ಣುತ್ತಾರೆ, ಜಪಾನಿನವರು ಹೂ ಬಿಟ್ಟ ಮರದ ಕೆಳಗೆ ಬುತ್ತಿ ಬಿಚ್ಚುತ್ತಾರೆ, ಮೆಕ್ಸಿಕೋದವರು ಸತ್ತವರಿಗೂ ಒಂದು ಹಬ್ಬ ಮಾಡಿ ಅವರಿಗೆ ಇಷ್ಟವಾದ ಹಾಡು ಹಾಡುತ್ತಾರೆ. ಮಕ್ಕಳಿಗೆ ಹುಚ್ಚು ಹಿಡಿಯಿತು. ಕಬ್ಬು ಕಡಿಯುವವರ ಮಕ್ಕಳು, ಬಟ್ಟೆ ಅಂಗಡಿಯವರ ಮಕ್ಕಳು ಅರ್ಥವೇ ಗೊತ್ತಿಲ್ಲದ ಭಾಷೆಗಳಲ್ಲಿ ಹಾಡುತ್ತ ಮನೆಗೆ ಹೋದರು. ತಂದೆತಾಯಿಗಳು ಫೋನಿನಲ್ಲಿ ಹಿಡಿದುಕೊಂಡರು. ಪೇಪರಿನವನೊಬ್ಬ ಬಂದು ಫೋಟೊ ತೆಗೆದ. ಶಾಲೆಯ ಒಡೆಯರಾದ ಪಳನಿ ಸಾರ್ ಸ್ಟಾಫ್ ಮೀಟಿಂಗಿನಲ್ಲಿ ಎದ್ದು ನಿಂತು ಅವಳಿಗಾಗಿ ಚಪ್ಪಾಳೆ ತಟ್ಟಿಸಿದರು. ಆ ಚಪ್ಪಾಳೆಯ ನಡುವೆ ಅವಳಿಗೆ ಕದ್ದ ಮಾಲಿನ ಮೇಲೆ ಕೂತು ಸನ್ಮಾನ ಮಾಡಿಸಿಕೊಂಡಂತಾಯಿತು. ಆದರೆ ಸುಳ್ಳೂ ಅಲ್ಲ ಅದು. ಯಾವುದೋ ಬಂದರಿನ ಹೆಂಗಸು, ಯಾವುದೋ ಮರುಭೂಮಿಯ ಗಂಡಸು ತಮ್ಮವರನ್ನು ಕರೆಯುವುದನ್ನು ಕೇಳುತ್ತ ಸುಗುಣಾ ನಿಜವಾಗಿಯೂ ಅಳುತ್ತಿದ್ದಳು. ಲೋಕಕ್ಕೆಲ್ಲ ಗಂಟಲಿದೆ, ನನಗೊಬ್ಬಳಿಗೆ ಇಲ್ಲ ಎಂದು ಅಳುತ್ತಿದ್ದಳೋ, ಹಾಡಿಗಾಗಿ ಅಳುತ್ತಿದ್ದಳೋ ಎಂಬುದು ಅವಳಿಗೇ ಬಗೆಹರಿಯುತ್ತಿರಲಿಲ್ಲ.

ಶಾಲೆಗೆ ಬಂದದ್ದೇ ಪಳನಿ ಸಾರ್ ಕರೆದರು. ಒಳ್ಳೆಯ ಮನುಷ್ಯ, ದನಿ ಎತ್ತಿ ಗೊತ್ತಿಲ್ಲ. ಶನಿವಾರದ ವಾರ್ಷಿಕೋತ್ಸವಕ್ಕೆ ನಿಮ್ಮ ಲೋಕದ ಹಾಡೇ ಕಾರ್ಯಕ್ರಮ, ಇವತ್ತು ಮಧ್ಯಾಹ್ನ ರಿಹರ್ಸಲ್ಲು, ತಂದೆತಾಯಿಗಳನ್ನೂ ಬರಹೇಳಿದ್ದೇನೆ ಎಂದು ತಮಿಳಿನಲ್ಲಿ ಹೇಳಿ, ಟೀ ಮುಂದೆ ಸರಿಸಿದರು.

"ಒಂದೇ ಒಂದು ಕೊರತೆ ಮಿಸ್. ಎಲ್ಲ ದೇಶ ಇದೆ, ನಮ್ಮದೇ ಇಲ್ಲ. ಮೊದಲಲ್ಲಿ ನೀವೇ ನಿಂತು ನಮ್ಮ ಹಾಡೊಂದು ಹಾಡಿಬಿಡಿ. ಟ್ರ್ಯಾಕ್ ಬೇಡ, ಕೀಬೋರ್ಡ್ ಬೇಡ. ನಿಮ್ಮ ದನಿ ಕೇಳಿ ವರ್ಷವೇ ಆಯಿತಲ್ಲ."

ಈಗ ಹೇಳಬೇಕು, ಇದೇ ಹೊತ್ತು ಎಂದು ಅವಳಿಗೆ ಗೊತ್ತಿತ್ತು. ಸಾರ್, ನನಗೆ ದನಿ ಇಲ್ಲ ಎಂದು ಎರಡೇ ಮಾತು. ಅಷ್ಟರಲ್ಲಿ ಕಂಪ್ಯೂಟರ್ ಕಲಿಸುವ ಪುಷ್ಪಾ ಯಾವುದೋ ಸಹಿಗೆಂದು ಬಂದು, ಬಾಗಿಲಲ್ಲೇ ನಿಂತು ಏನನ್ನೋ ಗುನುಗುತ್ತಿದ್ದಳು. ಚಿಕ್ಕ ಹುಡುಗಿ, ಗಂಟಲು ತೊಳೆದಿಟ್ಟ ತಟ್ಟೆಯ ಹಾಗೆ ಸ್ವಚ್ಛ. ಸುಗುಣಾ ಟೀ ಕುಡಿದು, "ಆಗಲಿ ಸಾರ್" ಎಂದಳು. ಹೊರಗೆ ಬಂದ ಮೇಲೆ ಮೆಟ್ಟಿಲ ಕಂಬ ಹಿಡಿದು ನಿಂತು ತಾನು ಏನು ಹೇಳಿ ಬಂದೆ ಎಂದು ನೆನೆಸಿದಳು. ರಿಹರ್ಸಲ್ಲಿನ ಹೊತ್ತಿಗೆ ಮಳೆ ಬರಲಿ, ಕರೆಂಟು ಹೋಗಲಿ, ಯಾರಾದರೂ ಸಾಯಲಿ ಎಂದು ಹಾರೈಸಿದಳು. ಯಾರಾದರೂ ಎಂದರೆ ಯಾರು ಎಂದು ಮನಸ್ಸು ಮುಂದಕ್ಕೆ ಹೋಗುವ ಮೊದಲೇ ಗಂಟೆ ಹೊಡೆಯಿತು.

ಒಂಬತ್ತನೇ ಕ್ಲಾಸಿಗೆ ಟರ್ಕಿಯ ಹಾಡು. ಅದರಲ್ಲಿ ಒಂದು ಕಡೆ ದನಿ ಮೆಲ್ಲಗೆ ಮೇಲೇರಿ, ಮುರಿದು, ಮತ್ತೆ ಕೂಡಿಕೊಂಡು ಇಳಿಯುತ್ತದೆ. ಅದನ್ನು ಹಾಡುವುದಕ್ಕೆ ಆರಿಸಿದ್ದು ಮಾದೇಶ್ವರಿಯನ್ನು. ಕಪ್ಪಗೆ, ತೆಳ್ಳಗೆ, ಎಣ್ಣೆ ಹಚ್ಚಿ ಬಿಗಿದ ಜಡೆಯ ಹುಡುಗಿ. ತಾಯಿ ಸಬ್ಬಕ್ಕಿ ಮಿಲ್ಲಿನಲ್ಲಿ ಕೆಲಸಕ್ಕಿದ್ದಳು. ಮಾತಾಡಿದರೆ ಕೇಳಿಸದಷ್ಟು ಸಣ್ಣ ದನಿ, ಹಾಡಿದರೆ ಕ್ಲಾಸು ಸುಮ್ಮನಾಗುತ್ತಿತ್ತು. ಒಂದು ದಿನ ಸುಗುಣಾ ಕಾರಿಡಾರಿನ ಮೂಲೆಯಲ್ಲಿ ಅತ್ತೆಯೊಡನೆ ಫೋನಿನಲ್ಲಿ ಕನ್ನಡದಲ್ಲಿ ಮಾತಾಡುತ್ತಿದ್ದಾಗ ಈ ಹುಡುಗಿ ನೀರಿನ ಬಾಟಲಿ ಹಿಡಿದು ಅಲ್ಲೇ ನಿಂತುಬಿಟ್ಟಿದ್ದಳು. ಅವಳ ಮುಖ ಅರಳಿದ ರೀತಿ ನೋಡಿ ಸುಗುಣಾಳಿಗೆ ಇರಿಸುಮುರಿಸಾಗಿತ್ತು. "ಮಿಸ್, ನೀವೂ ನಮ್ಮೋರಾ?" ಎಂದಿದ್ದಳು. ಅಂದಿನಿಂದ ಯಾರೂ ಇಲ್ಲದಾಗ ಹತ್ತಿರ ಬಂದು ಪಿಸುಮಾತಿನಲ್ಲಿ, "ಊಟ ಆತಾ ಮಿಸ್?" "ನಮ್ಮವ್ವ ನಿಮ್ಮನ್ ಕೇಳ್ತು ಮಿಸ್" ಎನ್ನುತ್ತಿದ್ದಳು. ಸುಗುಣಾ ಅತ್ತ ಇತ್ತ ನೋಡಿ, ಹೂಂ ಎಂದೋ, ಆತು ಎಂದೋ ಹೇಳಿ ಸರಿದುಬಿಡುತ್ತಿದ್ದಳು.

ಇವತ್ತು ಆ ಏರುವ ಜಾಗ ಮಾದೇಶ್ವರಿಗೆ ಸಿಗುತ್ತಿರಲಿಲ್ಲ. ಸುಗುಣಾ ಸ್ಪೀಕರಿನಲ್ಲಿ ಮತ್ತೆ ಮತ್ತೆ ಹಾಕಿದಳು. ಕೀಬೋರ್ಡಿನ ಬೆರಳಿಗೂ ಅದು ಸಿಗುವಂಥದ್ದಲ್ಲ. ಎರಡು ಕೀಗಳ ಸಂದಿನಲ್ಲಿರುವ ಸ್ವರ ಅದು.

"ಮಿಸ್, ನೀವು ಒಂದ್ಸಲ ಹಾಡಿ ತೋರಿಸಿ ಮಿಸ್," ಎಂದಳು ಹುಡುಗಿ ತಮಿಳಿನಲ್ಲಿ.

"ಕೇಳಿಸಿಕೊಂಡು ಕಲಿ. ಕಿವಿ ಇಲ್ಲವಾ?"

"ಕೇಳಿಸ್ಕೊಂಡೆ ಮಿಸ್. ಗಂಟಲು ಎಲ್ಲಿ ತಿರುಗತ್ತೆ ಅಂತ ಗೊತ್ತಾಗ್ತಿಲ್ಲ. ನೀವು ಹಾಡಿದ್ರೆ ಗೊತ್ತಾಗತ್ತೆ."

ಕ್ಲಾಸು ಸುಗುಣಾಳ ಬಾಯಿಯನ್ನೇ ನೋಡಿತು. ಹಿಂದಿನ ಬೆಂಚಿನಿಂದ ಯಾರೋ, "ಹೌದು ಮಿಸ್, ಹಾಡಿ ಮಿಸ್" ಎಂದರು. ಚಪ್ಪಾಳೆ ಶುರುವಾಯಿತು. ಹುಡುಗಿ ಆಸೆಯಿಂದ ಕತ್ತೆತ್ತಿ ನಿಂತಿದ್ದಳು. ಅವಳ ಗಂಟಲಿನ ಗುಳಿಯಲ್ಲಿ ಬೆವರು ಮಿನುಗುತ್ತಿತ್ತು. ಸುಗುಣಾಳಿಗೆ ಆ ಗಂಟಲು ಮಾತ್ರ ಕಂಡಿತು. ಗಾಯವಿಲ್ಲದ, ಹೊಲಿಗೆಯ ಗೆರೆಯಿಲ್ಲದ ಗಂಟಲು.

"ಟರ್ಕಿ ಹಾಡು ಬೇಕಾ ನಿನಗೆ?" ಎಂದಳು. ದನಿ ಒಡೆದಿತ್ತು, ಸಿಟ್ಟಿನ ದನಿಗೆ ಅದು ಒಪ್ಪುತ್ತಿತ್ತು. "ತಮಿಳೇ ನೆಟ್ಟಗೆ ತಿರುಗಲ್ಲ ನಿನ್ನ ನಾಲಗೆಗೆ. ಎಲ್ಲಿ, ವಾೞೈಪ್ಪೞಂ ಅನ್ನು ನೋಡೋಣ."

ಬಾಳೆಯ ಹಣ್ಣಿಗೆ ತಮಿಳಿನವರು ಹೇಳುವ ಮಾತು. ನಾಲಗೆಯನ್ನು ಹಿಂದಕ್ಕೆ ಮಡಿಸಿ ಆಡಬೇಕಾದ ಆ ೞಕಾರ ಕನ್ನಡದ ಮನೆಯಲ್ಲಿ ಬೆಳೆದವರ ಬಾಯಿಗೆ ಬರುವುದು ಕಷ್ಟ. ಮಾದೇಶ್ವರಿ ಹೇಳಿದಳು. ತಪ್ಪಾಯಿತು. ಕ್ಲಾಸು ನಕ್ಕಿತು. ಇನ್ನೊಮ್ಮೆ ಎಂದಳು ಸುಗುಣಾ. ಹೇಳಿದಳು, ಇನ್ನೂ ಜೋರಾಗಿ ನಕ್ಕರು. "ಮನೆಯಲ್ಲಿ ಯಾವ ಭಾಷೆಯೋ ಏನೋ, ಅದನ್ನ ಬಾಯಲ್ಲಿಟ್ಟುಕೊಂಡು ಇಲ್ಲಿಗೆ ಬಂದರೆ ಹೀಗೇ ಆಗೋದು" ಎಂಬ ಮಾತೂ ಸುಗುಣಾಳ ಬಾಯಿಂದ ಹೊರಟಿತು. ಹುಡುಗಿ ಅಳಲಿಲ್ಲ. ನೀವಾ ಹೀಗೆ ಹೇಳ್ತಿರೋದು ಎಂಬಂತೆ ಒಮ್ಮೆ ನೋಡಿ, ಹೋಗಿ ತನ್ನ ಜಾಗದಲ್ಲಿ ಕೂತಳು. ಮಿಸ್ಸೂ ಅದೇ ಭಾಷೆಯ ಮನೆಯವಳು ಎಂದು ಆ ಕ್ಲಾಸಿನಲ್ಲಿ ಬಲ್ಲವಳು ಅವಳೊಬ್ಬಳೇ. ಅವಳು ಅದನ್ನು ಹೇಳಲಿಲ್ಲ.

ಆ ಹಣ್ಣಿನ ಮಾತು ಸುಗುಣಾ ಹುಡುಕಿ ತಂದದ್ದಲ್ಲ, ನಾಲಗೆಯ ಬುಡದಲ್ಲೇ ಇತ್ತು. ಐದನೇ ಕ್ಲಾಸಿನಲ್ಲಿ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿ ಮಾಸ್ತರರು ಹೇಳಿಸಿದ್ದು ಅದನ್ನೇ. ಅವತ್ತು ಸಂಜೆ ಅವಳು ಹಿತ್ತಲ ಬಾವಿಯ ಹತ್ತಿರ ಕೂತು ನಾಲಗೆ ನೋಯುವ ತನಕ ಆ ಅಕ್ಷರವನ್ನು ಮಡಿಸಿದ್ದಳು. ಒಳಗೆ ಅವ್ವ ರಾಗಿ ಬೀಸುತ್ತ ಹಾಡುತ್ತಿದ್ದಳು. "ಸುಮ್ಕಿರವ್ವ, ನಿನ್ ಪದ ಕೇಳಿದ್ರೆ ನನ್ ಬಾಯಿ ಕೆಡ್ತೈತೆ" ಎಂದು ಇವಳು ಕೂಗಿದ್ದಳು. ಅವ್ವ ಮಾರಿಯಮ್ಮ ನಗಾಡಿಕೊಂಡೇ ಸುಮ್ಮನಾಗಿದ್ದಳು. ಆಮೇಲೆ ಇವಳಿಗೆ ಬಹುಮಾನಗಳು ಬಂದವು, ತಮಿಳು ಹಾಡಿಗೆ, ತಮಿಳು ಉಚ್ಚಾರಣೆಗೆ. ಅವ್ವ ಬೀಸುವುದಕ್ಕೆ ಕೂತಾಗ ಬಾಗಿಲು ಹಾಕಿಕೊಳ್ಳುವುದನ್ನು ಕಲಿತಿದ್ದಳು ಎಂಬುದು ಅವ್ವ ಸತ್ತ ಮೇಲೆ ಯಾಕೋ ಸುಗುಣಾಳಿಗೆ ನೆನಪಾಗಿತ್ತು.

ಊಟದ ಹೊತ್ತಿಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಸೀರೆಯ ಅಂಚಿಗೆ ಬಿಳಿಯ ಹಿಟ್ಟು ಮೆತ್ತಿತ್ತು, ಬಗಲಲ್ಲಿ ಮಗಳ ವೇಷದ ಬಟ್ಟೆಯ ಗಂಟು. ಮಿಲ್ಲಿನಿಂದ ಅರ್ಧ ದಿನ ರಜೆ ಕೇಳಿ ಬಂದವಳು. ಕಣ್ಣಾಡಿಸಿ, ಹೇಗೋ ಗುರುತು ಹಿಡಿದು ನೇರ ಸುಗುಣಾಳ ಹತ್ತಿರ ಬಂದಳು.

"ಟೀಚರಮ್ಮ, ನಾನು ಸಿದ್ದಲಕ್ಷ್ಮಮ್ಮ. ಮಾದೇಸ್ವರಿ ಅವ್ವ. ಮಗ ಟೇಜಿಗೆ ಓಗಾಕಿಲ್ಲ, ಆಡಾಕಿಲ್ಲ ಅಂತ ಕುಂತೈತೆ. ಏನಾತು ಅಂದ್ರೆ ಬಾಯಿ ಬಿಡ್ತಿಲ್ಲ. ನಮ್ ಮಿಸ್ಸು ನಮ್ ಮಿಸ್ಸು ಅಂತ ದಿನಾ ನಿಮ್ದೇ ಮಾತು ಅದ್ಕೆ. ನೀವ್ ಒಂದ್ ಮಾತು ಏಳ್ರವ್ವ."

ಆರು ಮಂದಿ ಟೀಚರುಗಳು ಡಬ್ಬಿಯಿಂದ ತಲೆ ಎತ್ತಿದರು. ಪುಷ್ಪಾ ನಗುತ್ತ, "ಇವರೇನು ಹೇಳ್ತಿದ್ದಾರೆ? ತೆಲುಗಾ?" ಎಂದಳು. ಸುಗುಣಾ ಸಿದ್ದಲಕ್ಷ್ಮಮ್ಮನ ಮುಖ ನೋಡಿದಳು, ಅರ್ಥವಾಗದವಳ ಹಾಗೆ ಹುಬ್ಬು ಗಂಟಿಕ್ಕಿ, "ಎನ್ನಮ್ಮಾ, ತಮಿೞ್‌ಲೆ ಸೊಲ್ಲುಂಗ" ಎಂದಳು. ತಮಿಳಿನಲ್ಲಿ ಹೇಳಿ ಎಂದು. ತಪ್ಪು ಮನೆಯ ಬಾಗಿಲು ತಟ್ಟಿದವಳಂತೆ ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದು, ಹರಕು ಮುರುಕು ತಮಿಳಿನಲ್ಲಿ ಅದನ್ನೇ ಹೇಳತೊಡಗಿದಳು. ನಡುವೆ ಎರಡು ಬಾರಿ ತಪ್ಪಾಯಿತು, ಮನ್ನಿಸಿ ಎಂದಳು. ಯಾವ ತಪ್ಪಿಗೆ ಎಂದು ಯಾರೂ ಕೇಳಲಿಲ್ಲ. ನೋಡ್ತೀನಿ, ಹೋಗಿ ಎಂದಳು ಸುಗುಣಾ. ಉಣ್ಣದೆ ಡಬ್ಬಿ ಮುಚ್ಚಿದಳು. ನೆಲ ಬಿರಿದು ತನ್ನನ್ನು ನುಂಗಬಾರದೇ ಎಂದು ಜನ ಯಾಕೆ ಹೇಳುತ್ತಾರೆ ಎಂಬುದು ಅವಳಿಗೆ ಆಗ ತಿಳಿಯಿತು. ನೆಲ ಎಲ್ಲಿಯೂ ಬಿರಿಯಲಿಲ್ಲ.

ಮಳೆಯೂ ಬರಲಿಲ್ಲ, ಕರೆಂಟೂ ಹೋಗಲಿಲ್ಲ. ಸಭಾಂಗಣದಲ್ಲಿ ಬಣ್ಣದ ಬಾವುಟಗಳು ನೇತಾಡುತ್ತಿದ್ದವು. ಎರಡನೇ ಕ್ಲಾಸಿನ ಮಕ್ಕಳು ರಟ್ಟಿನ ಅಗಲ ಟೋಪಿ ಹಾಕಿಕೊಂಡು ಮೆಕ್ಸಿಕೋದವರಾಗಿ ಮುಂದಿನ ಸಾಲಲ್ಲಿ ಕೂತಿದ್ದರು. ಹಿಂದೆ ತಂದೆತಾಯಿಗಳು. ಕೊನೆಯ ಸಾಲಿನಲ್ಲಿ ಸಿದ್ದಲಕ್ಷ್ಮಮ್ಮ, ಪಕ್ಕದಲ್ಲಿ ವೇಷ ಹಾಕದೆ ಯೂನಿಫಾರ್ಮಿನಲ್ಲೇ ಕೂತ ಮಾದೇಶ್ವರಿ. ಪಳನಿ ಸಾರ್ ತಾವೇ ಮೈಕು ತಂದು ಸುಗುಣಾಳ ಕೈಗಿಟ್ಟರು.

ಅವಳು ಎಷ್ಟೋ ವರ್ಷ ಹಾಡಿ ಸವೆಸಿದ ತಮಿಳು ಪ್ರಾರ್ಥನೆಯೊಂದನ್ನು ಎತ್ತಿಕೊಂಡಳು. ಶ್ರುತಿ ಆದಷ್ಟು ಕೆಳಗಿಟ್ಟಳು. ಮೊದಲ ಸಾಲು ಅರ್ಧ ದಾಟುವಷ್ಟರಲ್ಲಿ ಆ ಮೆಟ್ಟಿಲು ಬಂತು, ಕಾಲಿಟ್ಟಳು, ಬಿದ್ದಳು. ಮೈಕು ಆ ಬಿರಿದ ದನಿಯನ್ನು ಹತ್ತು ಪಟ್ಟು ಮಾಡಿ ಗೋಡೆಗೆಲ್ಲ ಎರಚಿತು. ಕೆಮ್ಮಿದಳು. ಮತ್ತೆ ಮೊದಲಿನಿಂದ ಎತ್ತಿಕೊಂಡಳು, ಮತ್ತೆ ಅದೇ ಜಾಗದಲ್ಲಿ ಗಾಳಿ ಬಂತು. ಯಾವುದೋ ಮಗು ಕಿಸಕ್ಕನೆ ನಕ್ಕಿತು, ಯಾರೋ ಅದನ್ನು ಗದರಿಸಿದರು. ಪುಷ್ಪಾ ನೀರಿನ ಬಾಟಲಿ ಹಿಡಿದು ಓಡಿಬಂದಳು. ಇಳಿದು ಹೋಗಬಹುದಾಗಿತ್ತು. ಹೋದರೆ ಮತ್ತೆಂದೂ ಇಲ್ಲಿ ನಿಲ್ಲುವುದಿಲ್ಲ ಎಂದು ಗೊತ್ತಾಗಿ, ಮುಳುಗುವವಳು ಕೈಗೆ ಸಿಕ್ಕಿದ್ದನ್ನು ಹಿಡಿಯುವಂತೆ, ತನಗೆ ಉಳಿದಿದ್ದ ಮೂರು ಸ್ವರಗಳಲ್ಲಿ ಮುಗಿಯುವ ಹಾಡು ಯಾವುದಾದರೂ ಇದೆಯೇ ಎಂದು ಹುಡುಕಿದಳು. ಒಂದೇ ಇತ್ತು.

*ತೊರೆಯಾಚೆ ನನ ತವರು, ತೊರೆ ತುಂಬಿ ಅರಿದಾವೊ*
*ಬರಲೆಂಗೆ ಏಳು ಅಡೆದವ್ವ, ನೀ ಕೂಗಿ*
*ಕರೆದಾರೆ ದನಿಯು ತಿರುಗ್ಯಾವೊ*

ಬೀಸುವ ಕಲ್ಲಿನ ಹಾಡು, ಏರುವುದಿಲ್ಲ, ಇಳಿಯುವುದಿಲ್ಲ, ಸುತ್ತುತ್ತದೆ. ದನಿ ಒರಟಾಗಿತ್ತು, ಸಾಲಿನ ತುದಿಯಲ್ಲಿ ಉಸಿರು ಸೋರುತ್ತಿತ್ತು, ಆದರೂ ಮುಗಿಯಿತು. ಹಿಂದಿನ ಸಾಲಿನ ಕಡೆ ನೋಡುವ ಧೈರ್ಯ ಅವಳಿಗಾಗಲಿಲ್ಲ. ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಸಭೆಗೆ ತಿಳಿಯಲಿಲ್ಲ. ಅಷ್ಟರಲ್ಲಿ ಅಗಲ ಟೋಪಿಯ ಒಂದು ಹೆಣ್ಣುಮಗು ಎದ್ದು ನಿಂತು ಕೈ ಎತ್ತಿತು. ಪ್ರತಿ ವಾರವೂ ಹಾಡು ಮುಗಿದ ಮೇಲೆ ಕೇಳುವಂತೆ ಕೇಳಿತು:

"ಮಿಸ್, ಇದು ಯಾವ ದೇಶದ ಹಾಡು?"

"ನಮ್ಮ ಮನೇದು," ಎಂದಳು ಸುಗುಣಾ.

"ನಿಮ್ಮ ಮನೆ ಯಾವ ದೇಶದಲ್ಲಿದೆ?"

"ಮೊರಪ್ಪೂರಿನಲ್ಲಿ."

ಸಭೆ ಘೊಳ್ಳೆಂದಿತು. ಮಗು ಮಾತ್ರ ನಗಲಿಲ್ಲ. "ಮೊರಪ್ಪೂರಿನಲ್ಲಿ ನಮ್ಮತ್ತೆ ಇದ್ದಾರೆ, ಅವರು ಹೀಗೆ ಮಾತಾಡಲ್ಲ," ಎಂದು ಹೇಳಿ, ತನಗೆ ಸುಳ್ಳು ಹೇಳಿದರು ಎಂಬ ಮುಖ ಮಾಡಿಕೊಂಡು ಕೂತಿತು.

ಪಳನಿ ಸಾರ್ ಅವಳನ್ನು ಪಕ್ಕಕ್ಕೆ ಕರೆದು ಕೇಳಿದರು. ಎಲ್ಲ ಹೇಳಿದಳು. ಗಂಟು, ನರ, ಡಾಕ್ಟರು ಕೈ ತೊಳೆಯುತ್ತ ಹೇಳಿದ್ದು. ಹೇಳುವುದು ಇಷ್ಟು ಸುಲಭವಿತ್ತೇ ಎಂದು ಆಶ್ಚರ್ಯವಾಯಿತು. ಅವರು ನಿಜವಾದ ಮರುಕದಿಂದಲೇ, "ಮೊದಲೇ ಹೇಳಬಾರದಿತ್ತಾ ಮಿಸ್? ಶನಿವಾರ ಪುಷ್ಪಾ ಹಾಡಲಿ. ನೀವು ರೆಸ್ಟ್ ತಗೊಳ್ಳಿ. ಜೂನ್‌ನಲ್ಲಿ ನೋಡೋಣ" ಎಂದರು. ಆ ಶಾಲೆಯಲ್ಲಿ ಜೂನ್‌ನಲ್ಲಿ ನೋಡೋಣ ಅನ್ನಿಸಿಕೊಂಡ ಯಾರನ್ನೂ ಜೂನ್‌ನಲ್ಲಿ ಯಾರೂ ನೋಡಿರಲಿಲ್ಲ. ಅವಳು ತಲೆಯಾಡಿಸಿದಳು. ಆ ಹೊತ್ತಿಗೆ ಅವಳಿಗೆ ಕೆಲಸದ ಚಿಂತೆ ಹತ್ತಿರಕ್ಕೂ ಬರಲಿಲ್ಲ. ಕಣ್ಣು ಕೊನೆಯ ಸಾಲಿನ ಮೇಲಿತ್ತು. ಅಲ್ಲಿ ಎರಡು ಕುರ್ಚಿ ಖಾಲಿಯಾಗಿದ್ದವು.

ಓಡಿದಳು. ಟೀಚರು ಓಡುವುದನ್ನು ಕಂಡು ಮಕ್ಕಳು ದಾರಿ ಬಿಟ್ಟರು. ಗೇಟಿನ ಹತ್ತಿರ, ತಂದೆತಾಯಿಗಳ ಗುಂಪಿನ ನಡುವೆ, ತಾಯಿ ಮಗಳು ಹೋಗುತ್ತಿದ್ದರು. "ಮಾದೇಸ್ವರೀ, ನಿಂತ್ಕೋ ಮಗ," ಎಂದು ಸುಗುಣಾ ಎಲ್ಲರಿಗೂ ಕೇಳುವ ಹಾಗೆ ಕೂಗಿದಳು. ಅಷ್ಟು ಜೋರಾಗಿ ಅವಳು ಆ ಅಂಗಳದಲ್ಲಿ ಕನ್ನಡ ಆಡಿದ್ದು ಅದೇ ಮೊದಲು. ತಮಿಳಿನ ಎಷ್ಟೋ ತಲೆಗಳು ತಿರುಗಿದವು. ತಿರುಗಲಿ ಎಂದುಕೊಂಡಳು. ಹತ್ತಿರ ಹೋಗಿ ಏದುಸಿರಿನಲ್ಲಿ, "ತೆಪ್ಪಾತು ಕಣವ್ವ. ನಾನಂಗ್ ಅನ್ನಬಾರ್ದಾಗಿತ್ತು. ನನ್ ಗಂಟಲು ಓಗ್ಬುಟ್ಟೈತೆ. ನಿನ್ ದನಿ ಕೇಳಿ ಒಟ್ಟೆ ಉರೀತು, ಅದ್ಕೇ ಅಂದೆ. ನೀನು ಆಡು ಮಗ, ನಿಲ್ಲಿಸ್ಬ್ಯಾಡ" ಎಂದಳು. ಸಿದ್ದಲಕ್ಷ್ಮಮ್ಮನ ಕಡೆ ತಿರುಗಿ ಕೈ ಮುಗಿದಳು. "ನೀವೂ ಒಟ್ಟೆಗಾಕ್ಕೊಳ್ರವ್ವ. ನಾನೂ ನಿಮ್ಮೋಳೇ."

ಸಿದ್ದಲಕ್ಷ್ಮಮ್ಮನ ಕಣ್ಣು ಆಗಲೇ ತುಂಬಿತ್ತು. "ಅಯ್ಯೋ ಬುಡಿ ಟೀಚರಮ್ಮ, ಅದ್ಯಾಕ್ ಕೈ ಮುಗೀತೀರಿ. ನಿಮ್ ಪದ ಕೇಳಿ ನನ್ ಅವ್ವನ್ನೇ ಕಂಡಂಗಾತು," ಎಂದು ಮಗಳ ತೋಳು ಅಲುಗಿಸಿದಳು. "ಏಳು ಮಗ, ಮಿಸ್ ಕೇಳ್ತಾವ್ರಲ್ಲ. ಏನಾರ ಒಂದ್ ಮಾತು ಏಳು."

ಮಾದೇಶ್ವರಿ ತಲೆ ಎತ್ತಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸುಗುಣಾ ಅದನ್ನು ಹಿಡಿದುಕೊಂಡು ನಿಲ್ಲುತ್ತಿದ್ದಳು. ಸುತ್ತ ಕಿವಿಗೊಟ್ಟು ನಿಂತ ಕ್ಲಾಸಿನ ಹುಡುಗಿಯರನ್ನು ಒಮ್ಮೆ ನೋಡಿ, ಗುರುತಿಲ್ಲದ ದೊಡ್ಡವರೊಡನೆ ಆಡುವ ವಿನಯದ ತಮಿಳಿನಲ್ಲಿ, "ಪರವಾಯಿಲ್ಲೈ ಮಿಸ್," ಎಂದಳು. ಆಮೇಲೆ ತಾಯಿಯ ಕಡೆ ತಿರುಗಿದಳು. ಹುಟ್ಟಿದಾಗಿನಿಂದ ಯಾವ ತಾಯಿಯೊಡನೆ ಕನ್ನಡ ಬಿಟ್ಟು ಬೇರೆ ಆಡಿರಲಿಲ್ಲವೋ ಆ ತಾಯಿಗೆ, ಮೆಲ್ಲಗೆ, ಸ್ಪಷ್ಟವಾದ ತಮಿಳಿನಲ್ಲಿ, "ವಾಂಗಮ್ಮಾ, ಪೋಲಾಂ," ಎಂದಳು. ಬನ್ನಿ ಅಮ್ಮ, ಹೋಗೋಣ ಎಂದು.

ಸಿದ್ದಲಕ್ಷ್ಮಮ್ಮ ಮಗಳ ಮುಖವನ್ನೇ ನೋಡಿದಳು, ಯಾರ ಮಗುವಿದು ಎಂಬಂತೆ. ಹುಡುಗಿ ಬಟ್ಟೆಯ ಗಂಟನ್ನು ತಾಯಿಯ ಕೈಯಿಂದ ತಾನೇ ತೆಗೆದುಕೊಂಡು ಮುಂದೆ ನಡೆದಳು. ತಾಯಿ ಎರಡು ಸಲ ಹಿಂದೆ ತಿರುಗಿ ನೋಡುತ್ತ, ಅವಳ ಹಿಂದೆ ಹೋದಳು.